ಕಮಲಾಬಾಯಿಯವರ ಕೀಬೋರ್ಡ್ ಯಾಕೆ ಸಾಯುತ್ತಿತ್ತು

ಕಂಪ್ಯೂಟರ್ ದುರಸ್ತಿಯ ಕೆಲಸಕ್ಕೆ ಹೊಸದಾಗಿ ಬಂದ ಹುಡುಗ ಹುಡುಗಿಯರು ನಾನು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಮಾತು: "ಸರ್, ಮೊದಲಿಗೆ ಯಾವ ಕಮಾಂಡ್ ಕಲೀಬೇಕ್ರಿ?" ನನಗೆ ನಗು ಬರುತ್ತದೆ, ಜರಾ ಸಿಟ್ಟೂ ಬರುತ್ತದೆ. ನಾನು ಉರು ಹೊಡೆದ ಕಮಾಂಡುಗಳಲ್ಲಿ ಅರ್ಧದಷ್ಟು ಈಗ ಯಾರಿಗೂ ಬೇಕಿಲ್ಲ. ಮೇಲಾಗಿ, ಈ ಕೆಲಸದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಯಾವ ಕಮಾಂಡಿನಿಂದಲೂ ಆದದ್ದಲ್ಲ. ದೂರು ಪುಸ್ತಕದಲ್ಲಿ ಪೆನ್ನಿನಿಂದ ಬರೆದ ಒಂದು ಸಾಲಿನಿಂದ ಆದದ್ದು. ಆ ಸಾಲು ಒಬ್ಬ ಹೆಣ್ಣುಮಗಳ ಕೆಲಸವನ್ನೇ ಕಿತ್ತುಕೊಳ್ಳುವುದರಲ್ಲಿತ್ತು. ಅದನ್ನು ಹೇಳಲಿಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಆದರೆ ನಾನು ಮಾತಿನ ಮನುಷ್ಯ, ನೇರವಾಗಿ ಅಲ್ಲಿಗೆ ಹೋಗುವವನಲ್ಲ. ಸ್ವಲ್ಪ ಸಹಿಸಿಕೊಳ್ಳಿ.

ನನ್ನ ಊರು ಬೇಮಳಖೇಡ. ಮನೆಯಲ್ಲಿ ದನ, ಸ್ವಲ್ಪ ಹೊಲ. ತೊಂಬತ್ತರ ದಶಕದ ಆರಂಭದಲ್ಲಿ ನಾನು ಹುಮನಾಬಾದಿನ ಬಸ್ ನಿಲ್ದಾಣದ ಹತ್ತಿರ ಒಂದು ಡಬ್ಬಿಯಂಥ ಅಂಗಡಿಯಲ್ಲಿ ಟೈಪ್‌ರೈಟರ್ ಮತ್ತು ರೇಡಿಯೊ ರಿಪೇರಿ ಮಾಡುತ್ತಿದ್ದೆ. ಅಲ್ಲಿನ ಒಂದು ಶಿಕ್ಷಣ ಸಂಸ್ಥೆಯ ಟೈಪ್ ಮಷೀನುಗಳೆಲ್ಲ ನನ್ನ ಕೈಗೇ ಬರುತ್ತಿದ್ದವು. ಸಂಸ್ಥೆಯ ಕಾಲೇಜು ಹುಮನಾಬಾದಿನಲ್ಲಿ, ಹೈಸ್ಕೂಲು ಮತ್ತು ಟೈಪಿಂಗ್ ಕ್ಲಾಸು ಬಸವಕಲ್ಯಾಣದಲ್ಲಿ, ವಿದ್ಯಾರ್ಥಿಗಳ ಹಾಸ್ಟೆಲು ಹಳ್ಳಿಖೇಡದಲ್ಲಿ. ಕಾಲೇಜಿಗೆ ಮೊದಲ ಕಂಪ್ಯೂಟರುಗಳು ಬಂದಾಗ ಸಂಸ್ಥೆಯ ಕಾರ್ಯದರ್ಶಿಗಳು ನನ್ನನ್ನು ಕರೆಸಿದರು.

"ಸಂಗಪ್ಪ, ಟೈಪ್ ಮಷೀನ್ ಬಿಚ್ಚಿ ಜೋಡಸ್ತಿ. ಇದನ್ನೂ ಬಿಚ್ಚಿ ಜೋಡಸ್ತಿಯೋ ಇಲ್ಲೋ?"

"ಬಿಚ್ಚತೀನ್ರಿ ಸಾಹೇಬ್ರ. ಜೋಡಸೋದು ನೋಡಬೇಕ್ರಿ," ಎಂದೆ.

ಅವರು ಜೋರಾಗಿ ನಕ್ಕರು. ಸಂದರ್ಶನ ಅಷ್ಟೇ. ಮುಂದೆ ನಿವೃತ್ತಿಯಾಗುವವರೆಗೂ ಅದೇ ಸಂಸ್ಥೆಯಲ್ಲಿ ದುಡಿದೆ.

ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ನಮ್ಮಲ್ಲಿಗೆ ಬಂದದ್ದು ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಸಿಕ್ಕ ಸೀಡಿಯಲ್ಲಿ. ಪುಕ್ಕಟೆ ಎಂಬ ಮಾತು ಕೇಳಿ ಕಾರ್ಯದರ್ಶಿಗಳ ಮುಖ ಅರಳಿತು. ಎರಡು ಸಾವಿರದ ಇಸವಿ ದಾಟುವಷ್ಟರಲ್ಲಿ ಸಂಸ್ಥೆಯ ಎಲ್ಲ ಮಷೀನುಗಳಿಗೂ ಅದನ್ನೇ ಹಾಕಿಸಿದರು. ಡೆಸ್ಕ್‌ಟಾಪ್ ಎಂದರೆ ಗೊತ್ತಲ್ಲ, ಲಾಗಿನ್ ಆದ ಮೇಲೆ ಕಾಣುವ ಚಿತ್ರ, ಕೆಳಗಿನ ಪಟ್ಟಿ, ಕಿಟಕಿಗಳು, ಅವುಗಳ ಹಿಂದೆ ಓಡುವ ನೂರೆಂಟು ಸಣ್ಣ ಪ್ರೋಗ್ರಾಮುಗಳು. ಅವು ಆಗ ಇನ್ನೂ ಎಳೆಯವು. ದಿನಕ್ಕೊಂದು ಹಟ ಹಿಡಿಯುತ್ತಿದ್ದವು, ಸಮಾಧಾನ ಮಾಡುವುದು ನನ್ನ ಪಾಲಿಗೆ ಬಂತು.

ಮೊದಲ ದೊಡ್ಡ ಎಡವಟ್ಟು ಇತಿಹಾಸದ ಲೆಕ್ಚರರ್ ಒಬ್ಬರ ಮಷೀನಿನಲ್ಲಿ ಆಯಿತು. ಹೆಸರು, ಪಾಸ್‌ವರ್ಡ್ ಹಾಕಿದರೆ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಹೆಸರು ಕೇಳುವಲ್ಲಿಗೇ ಬಂದು ನಿಲ್ಲುತ್ತಿತ್ತು. "ಸರ್, ಇದಕ್ಕೂ ಮೊದಲು ಏನು ಮಾಡಿದ್ರಿ?" ಎಂದು ಕೇಳಿದೆ. "ನಾ ಏನೂ ಮಾಡಿಲ್ಲಪ್ಪ!" ಎಂದರು, ಕಳ್ಳತನದ ಆರೋಪ ಹೊರಿಸಿದಂತೆ. ನಾನು ಎರಡು ದಿನ ತಲೆ ಕೆರೆದುಕೊಂಡು, ಮೂರನೆಯ ದಿನ ಬೇಸತ್ತು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದೆ. ಮಷೀನು ಓಡಿತು. ಲೆಕ್ಚರರ್ ಬಂದು ನೋಡಿ ಗೋಡೆಗೆ ಒರಗಿ ನಿಂತುಬಿಟ್ಟರು. ಮಗಳ ಮದುವೆಯ ಫೋಟೊಗಳನ್ನೆಲ್ಲ ಅದರಲ್ಲಿ ತುಂಬಿದ್ದರು. ಸಂಸ್ಥೆಯ ಮಷೀನಿನಲ್ಲಿ ಮನೆಯ ಫೋಟೊ ಇಟ್ಟೆನೆಂದು ಹೇಳಲು ಅಂಜಿದ್ದರು. ಆ ಫೋಟೊಗಳಿಂದಲೇ ಡಿಸ್ಕ್ ತುಂಬಿ, ಡೆಸ್ಕ್‌ಟಾಪಿಗೆ ತನ್ನದೊಂದು ಸಣ್ಣ ಫೈಲು ಬರೆಯಲೂ ಜಾಗ ಸಿಗದೆ ಅದು ಹೆಸರು ಕೇಳುವಲ್ಲಿಗೇ ಹಿಂದಕ್ಕೆ ತಳ್ಳುತ್ತಿತ್ತು. ನಾಲ್ಕು ಫೋಟೊ ಸರಿಸಿದ್ದರೆ ಮುಗಿಯುತ್ತಿತ್ತು! ಪುಣ್ಯಕ್ಕೆ ಫೋಟೊಗ್ರಾಫರ್ ಹತ್ತಿರ ಇನ್ನೊಂದು ಸೀಡಿ ಇತ್ತು, ನಾನು ಬದುಕಿದೆ.

ಆಗ ಒಂದು ಮಾತು ನನಗೆ ಅರ್ಥವಾಗಬೇಕಿತ್ತು. ಜನ ಸುಳ್ಳು ಹೇಳುವುದಿಲ್ಲ, ಅಂಜುತ್ತಾರೆ. ನಾವು ಪೊಲೀಸರಂತೆ ಕೇಳಿದರೆ ಅವರು ಆರೋಪಿಗಳಂತೆ ಉತ್ತರಿಸುತ್ತಾರೆ. ಅರ್ಥವಾಯಿತೇ? ಇಲ್ಲ. ನನಗೆ ಬುದ್ಧಿ ಬರಲು ಇನ್ನೂ ಎರಡು ಪೆಟ್ಟು ಬೇಕಿತ್ತು.

ಡೆಸ್ಕ್‌ಟಾಪ್ ಮಾಡುವವರಿಗೆ ನೇರವಾಗಿ ದೂರು ಕೊಡಬಹುದು, ಅದಕ್ಕೆ ಬಗ್ ರಿಪೋರ್ಟ್ ಎನ್ನುತ್ತಾರೆ ಎಂದು ತಿಳಿದದ್ದು ಕಾಲೇಜಿಗೆ ಇಂಟರ್ನೆಟ್ ಬಂದ ಮೇಲೆ. ಫೋನಿನ ತಂತಿಯಲ್ಲಿ ಬರುತ್ತಿದ್ದ ಇಂಟರ್ನೆಟ್ ಅದು. ಪ್ರಿನ್ಸಿಪಾಲರ ಬೀಗರು ಫೋನ್ ಮಾಡಿದರೆ ಸಾಕು, ಕಡಿದುಹೋಗುತ್ತಿತ್ತು. ನನ್ನ ಮೊದಲ ರಿಪೋರ್ಟನ್ನು ಈಗ ನೆನೆದರೂ ನಾಚಿಕೆಯಾಗುತ್ತದೆ. ತಹಸೀಲ್ ಕಚೇರಿಗೆ ಅರ್ಜಿ ಬರೆದಂತೆ ಬರೆದಿದ್ದೆ: ಮಾನ್ಯರೇ, ನಮ್ಮ ಡೆಸ್ಕ್‌ಟಾಪ್ ಕೆಲಸ ಮಾಡುತ್ತಿಲ್ಲ, ದಯಮಾಡಿ ಕೂಡಲೇ ಕ್ರಮ ಕೈಗೊಳ್ಳಬೇಕಾಗಿ ವಿನಂತಿ. ನಾಲ್ಕು ದಿನದ ಮೇಲೆ ಯಾವುದೋ ದೇಶದ ಒಬ್ಬ ಪುಣ್ಯಾತ್ಮ ಬಯ್ಯದೆ ಮೂರು ಪ್ರಶ್ನೆ ಕೇಳಿದ. ನೀವು ಏನು ಮಾಡಿದಿರಿ? ಏನಾಗುತ್ತದೆ ಎಂದುಕೊಂಡಿದ್ದಿರಿ? ನಿಜವಾಗಿ ಏನಾಯಿತು?

ಓದಿ ನನಗೆ ಅಪ್ಪನ ನೆನಪಾಯಿತು. ಎಮ್ಮೆಗೆ ಬೇನೆ ಬಂದರೆ ಅಪ್ಪ ಎಮ್ಮೆಯನ್ನು ನೋಡುವ ಮೊದಲು ಮೇಯಿಸಿಕೊಂಡು ಬಂದವನನ್ನು ಕೂರಿಸಿಕೊಂಡು ಚಹಾ ಕೊಟ್ಟು ಕೇಳುತ್ತಿದ್ದ: "ಇವತ್ತ ಯಾ ಕಡೆ ಹೊಡಕೊಂಡ್ ಹೋಗಿದ್ದೆಪಾ? ಎಲ್ಲಿ ನೀರು ಕುಡಿಸ್ದಿ?" ಮದ್ದಿನ ಮಾತು ಆಮೇಲೆ.

ಆ ಮೂರು ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಮೊದಲ ಫಲ ಸಿಕ್ಕಿದ್ದು ಲೈಬ್ರರಿಯ ರಶೀದ್ ಸಾಹೇಬರಿಂದ. ಅವರ ಪರದೆಯ ಕೆಳಗಿನ ಪಟ್ಟಿ ಮಾಯವಾಗಿತ್ತು. ಅವರು ಅಂಜುವ ಜೀವವಲ್ಲ. "ನಾನೇ ಮಾಡೀನ್ರಿ. ಕೆಳಗ ನೋಡಿ ನೋಡಿ ಕುತ್ತಿಗಿ ನೋವು ಬಂತು, ಮ್ಯಾಲ ಎಳದೆ. ಅಲ್ಲೊಂದು ಪಟ್ಟಿ ಮೊದಲೇ ಇತ್ತು. ಎರಡೂ ಜಗಳಾಡಿ ಒಂದು ಗಾಯಬ್!" ಎಂದು ಇದ್ದದ್ದು ಇದ್ದಂತೆ ಹೇಳಿದರು. ಅವರು ಹೇಳಿದಂತೆಯೇ ಮಾಡಿದೆ, ನನ್ನ ಪಟ್ಟಿಯೂ ಗಾಯಬ್. ಹಾಗೆಯೇ ಬರೆದು ಕಳಿಸಿದೆ. ಹೌದು, ಇದು ನಮ್ಮದೇ ತಪ್ಪು, ಸರಿಪಡಿಸುತ್ತೇವೆ ಎಂದು ಉತ್ತರ ಬಂತು. ನನ್ನ ಎದೆ ಉಬ್ಬಿತು. ರಶೀದ್ ಸಾಹೇಬರು ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿದರು. ಕಾರ್ಯದರ್ಶಿಗಳು ಪೇಢೆ ಬಾಯಿಗೆ ಹಾಕಿಕೊಳ್ಳುತ್ತ, "ಏನೋ ಸಂಗಪ್ಪ, ತಪ್ಪು ಸಿಕ್ತು ಅಂತ ಪೇಢಾ ಹಂಚೋರನ್ನ ಇಲ್ಲೇ ನೋಡಿದೆ," ಎಂದರು.

ಇಷ್ಟೆಲ್ಲ ಕಲಿತವನು ಕಮಲಾಬಾಯಿಯವರ ವಿಷಯದಲ್ಲಿ ಹೇಗೆ ಮುಗ್ಗರಿಸಿದೆ ಎಂಬುದೇ ನನಗೆ ಇಂದಿಗೂ ಸೋಜಿಗ.

ಕಮಲಾಬಾಯಿ ಬಸವಕಲ್ಯಾಣದಲ್ಲಿ ನಮ್ಮ ಸಂಸ್ಥೆಯ ಟೈಪಿಂಗ್ ಕ್ಲಾಸನ್ನು ಇಪ್ಪತ್ತು ವರ್ಷಕ್ಕೂ ಮೇಲೆ ನಡೆಸಿದವರು. ತಾಲ್ಲೂಕಿನ ಕಚೇರಿಗಳಲ್ಲಿ ಟಕಟಕ ಎನ್ನಿಸುತ್ತಿದ್ದ ಗುಮಾಸ್ತರಲ್ಲಿ ಅರ್ಧ ಜನ ಅವರ ಕೈಯಲ್ಲೇ ಪಳಗಿದವರು. ಕ್ಲಾಸು ಮುಚ್ಚಿದ ಮೇಲೆ ಅವರನ್ನು ಅಲ್ಲಿನ ಹೈಸ್ಕೂಲಿನ ಕಚೇರಿಗೆ ಟೈಪಿಸ್ಟ್ ಆಗಿ ಹಾಕಿದರು. ಐವತ್ತು ದಾಟಿದ ಮೇಲೂ ಒಂದೇ ವಾರದಲ್ಲಿ ಕಂಪ್ಯೂಟರ್ ಕಲಿತರು. ಕೂರುವ ಮೊದಲು ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುವರು. ಪರದೆ ನೋಡುತ್ತ ಟೈಪ್ ಮಾಡುವವರನ್ನು ಕಂಡರೆ ಅವರಿಗೆ ಸೇರದು. "ಕಣ್ಣು ಹಾಳಿ ಮ್ಯಾಲ, ಬಟ್ಟು ಕೀಲಿ ಮ್ಯಾಲ. ನಡುವ ಬ್ಯಾರೆ ಎಲ್ಲೂ ನೋಡಂಗಿಲ್ಲ," ಎಂಬುದು ಅವರ ಪಾಠ.

ಒಂದು ಬೇಸಿಗೆಯಲ್ಲಿ ಅವರ ಫೋನು ಶುರುವಾಯಿತು. "ಸರ್ರ, ಕೀಲಿ ಸತ್ತಾವ್ರಿ. ಎಷ್ಟ್ ಹೊಡದರೂ ಒಂದಕ್ಷರ ಬೀಳವಲ್ದು." ನಾನು ಹುಮನಾಬಾದಿನಿಂದ ಬಸ್ಸಿನಲ್ಲಿ ನಿಂತುಕೊಂಡು ಹೋಗುವಷ್ಟರಲ್ಲಿ ಅವರು ಮಷೀನನ್ನು ಬಂದ್ ಮಾಡಿ ಚಾಲೂ ಮಾಡಿರುತ್ತಿದ್ದರು, ಎಲ್ಲ ಸರಿಯಾಗಿರುತ್ತಿತ್ತು. ವಾರಕ್ಕೆ ಎರಡು ಸಲ, ಮೂರು ಸಲ ಇದೇ ಕತೆ. ಕೀಬೋರ್ಡ್ ಬದಲಿಸಿದೆ. ಮತ್ತೆ ಸತ್ತಿತು. ಇನ್ನೊಂದು ಹಾಕಿದೆ, ಅದೂ ಸತ್ತಿತು. ಕೊನೆಗೆ ಅವರ ಇಡೀ ಮಷೀನನ್ನು ಹೆಡ್‌ಮಾಸ್ತರರಿಗೆ ಕೊಟ್ಟು ಹೆಡ್‌ಮಾಸ್ತರರದನ್ನು ಅವರಿಗೆ ಕೊಟ್ಟೆ. ಹಳೆಯ ಮಷೀನು ಹೆಡ್‌ಮಾಸ್ತರರ ಕೈಯಲ್ಲಿ ಚೆನ್ನಾಗಿ ಓಡಿತು. ಹೊಸದು ಕಮಲಾಬಾಯಿಯವರ ಕೈಯಲ್ಲಿ ಮೂರನೇ ದಿನಕ್ಕೇ ಸತ್ತಿತು.

ಇನ್ನೇನು ಉಳಿಯಿತು? ಅಂದು ಬಿಸಿಲಿಗೆ ತಲೆ ಸಿಡಿಯುತ್ತಿತ್ತು, ಹಸಿವೆ ಬೇರೆ. ದೂರು ಪುಸ್ತಕ ತೆರೆದು ಬರೆದೆ: "ಯಂತ್ರದಲ್ಲಿ ದೋಷವಿಲ್ಲ. ದೋಷ ನಡೆಸುವವರಲ್ಲಿದೆ." ಕೆಳಗೆ ಸಹಿ ಹಾಕಿದೆ. ಮುಂದೆ ಹೆಡ್‌ಮಾಸ್ತರರ ಮಾತಿಗೆ ಡೆಸ್ಕ್‌ಟಾಪಿನವರಿಗೂ ಒಂದು ರಿಪೋರ್ಟ್ ಕಳಿಸಿದೆ, ನಾನು ಏನೇನು ಬದಲಿಸಿದೆ ಎಂಬ ಉದ್ದನೆಯ ಪಟ್ಟಿಯ ಸಮೇತ.

ಆ ಸಾಲು ಕಾರ್ಯದರ್ಶಿಗಳ ಕಣ್ಣಿಗೆ ಬಿತ್ತು. ಅವರು ಒಳ್ಳೆಯವರು, ಆದರೆ ಅವಸರದವರು. ಆದೇಶ ಹೊರಡಿಸಿಯೇಬಿಟ್ಟರು. ಬರುವ ಒಂದನೇ ತಾರೀಕಿನಿಂದ ಕಮಲಾಬಾಯಿ ಹಳ್ಳಿಖೇಡದ ಹಾಸ್ಟೆಲಿನ ಉಗ್ರಾಣಕ್ಕೆ, ಟೈಪಿಂಗ್ ಬೇರೆಯವರಿಗೆ. "ಇನ್ನ ಎರಡ್ ವರ್ಷ ನೌಕರಿ ಅದ ಆಕೀದು. ಜ್ವಾಳಾ, ಬ್ಯಾಳಿ ಅಳದುಕೊಟ್ಟು ಆರಾಮ ಇರಲಿ," ಎಂದರು ನನಗೆ. ಉಪಕಾರ ಮಾಡಿದೆನೆಂದೇ ತಿಳಿದಿದ್ದರು. ನಾನೂ ತಲೆಯಾಡಿಸಿದೆ.

ಆಮೇಲೆ ಬಸವಕಲ್ಯಾಣದಿಂದ ಫೋನೇ ಇಲ್ಲ. ನಾನು ಹಗುರಾದೆ. ಒಂದು ದಿನ ಹೆಡ್‌ಮಾಸ್ತರರು ಸಿಕ್ಕಾಗ ಹೇಳಿದರು: "ಕೀಲಿ ಈಗೂ ಸಾಯಾಕತ್ತಾವಪ್ಪ. ಕಮಲಾಬಾಯೇರು ಯಾರಿಗೂ ಹೇಳವಲ್ರು. ತಾವೇ ಬಂದ್ ಮಾಡಿ ಚಾಲೂ ಮಾಡ್ತಾರ, ಮತ್ತ ಮೊದಲಿಂದ ಹೊಡೀತಾರ." ಅದೇ ವಾರ ನನ್ನ ರಿಪೋರ್ಟಿಗೆ ಉತ್ತರವೂ ಬಂತು, ಎರಡೇ ಸಾಲು: ನೀವು ಮಾಡಿದ್ದನ್ನೆಲ್ಲ ಬರೆದಿದ್ದೀರಿ. ಕೀಬೋರ್ಡ್ ಸಾಯುವ ಮುನ್ನ ಆಕೆ ಏನು ಮಾಡುತ್ತಿದ್ದರು?

ನನಗೆ ಗೊತ್ತಿರಲಿಲ್ಲ. ಮೂರು ತಿಂಗಳಲ್ಲಿ ನಾನು ಒಮ್ಮೆಯೂ ಅವರ ಪಕ್ಕ ಕೂತು ಅವರು ಟೈಪ್ ಮಾಡುವುದನ್ನು ನೋಡಿರಲಿಲ್ಲ. ಮೂರು ಪ್ರಶ್ನೆ ಗೋಡೆಗೆ ಅಂಟಿಸಿಕೊಂಡವನು ನಾನು!

ಮರುದಿನ ಬೆಳಿಗ್ಗೆ ಬಸವಕಲ್ಯಾಣದ ಬಸ್ಸು ಹಿಡಿದೆ. ಸ್ಕ್ರೂಡ್ರೈವರ್ ಚೀಲ ಬೇಕಂತಲೇ ಬಿಟ್ಟುಹೋಗಿದ್ದೆ.

"ಬಾಯೇರ, ಇವತ್ತ ನಾ ಏನೂ ರಿಪೇರಿ ಮಾಡಂಗಿಲ್ರಿ. ನೀವು ನಿಮ್ಮ ಕೆಲಸ ಮಾಡ್ರಿ, ನಾ ಸುಮ್ಮ ಕುಂತು ನೋಡ್ತೀನಿ."

"ನೋಡೋದು ಏನದ ಬಿಡ್ರಿ ಸರ್ರ. ಇನ್ನ ಹತ್ತ್ ದಿನ. ಮುಂದ ಅಳತಿ ಡಬ್ಬಿ ಹಿಡಿಯೋದೇ ಅದ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಒಳ್ಳೆಯದಿತ್ತು.

ಹೆಡ್‌ಮಾಸ್ತರರ ಕಾಗೆಕಾಲು ಅಕ್ಷರದ ಐದು ಹಾಳೆ ಅವರ ಎಡಕ್ಕಿದ್ದವು. ಬೆರಳುಗಳು ಓಡತೊಡಗಿದವು. ಎಂಥ ಕೈ ಅದು! ನಾನು ನೋಡುತ್ತ ಮೈಮರೆತೆ. ಮಧ್ಯಾಹ್ನ ಊಟಕ್ಕೆ ಎದ್ದು ಬಂದು ಮತ್ತೆ ಕೂತರು, ಏನೂ ಆಗಲಿಲ್ಲ. ನಾಲ್ಕನೇ ಹಾಳೆಯಲ್ಲಿ ಒಂದು ಪದ ತಿಳಿಯದೆ ನಿಂತರು. ಬಲಗೈಯಿಂದ ಹಾಳೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ಓದುತ್ತಿದ್ದರು. ಎಡಗೈ ಮಾತ್ರ ಕೀಬೋರ್ಡಿನ ಮೇಲೇ ಇತ್ತು, ಅದರ ಕಿರುಬೆರಳು ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದಿತ್ತು. ಮುಂದಿನ ಅಕ್ಷರಕ್ಕೆ ಶಿಫ್ಟ್ ಬೇಕೆಂದು ಮೊದಲೇ ತಯಾರಾಗಿ ಕೂತಿತ್ತು ಬೆರಳು. ಅಷ್ಟರಲ್ಲಿ ಮಷೀನು ಸಣ್ಣಗೆ ಟುಂಯ್ ಎಂದಿತು. ಪರದೆಯ ಮೇಲೆ ಇಂಗ್ಲಿಷಿನ ಒಂದು ಚೌಕ ಮೂಡಿತು. ಅವರ ಕಣ್ಣು ಹಾಳೆಯ ಮೇಲೆ. ಪದ ತಿಳಿಯಿತು, ಹಾಳೆ ಇಟ್ಟರು, ಎರಡು ಕೀಲಿ ಒತ್ತಿದರು. ಚೌಕ ಮಾಯವಾಯಿತು. ಆಮೇಲೆ ಒಂದಕ್ಷರವೂ ಬೀಳಲಿಲ್ಲ.

"ನೋಡ್ರಿ, ಸತ್ತೇ ಹೋದ್ವು," ಎಂದರು ಕಮಲಾಬಾಯಿ ಮೆಲ್ಲಗೆ. ಕೈ ಮಡಿಲಿಗೆ ಎಳೆದುಕೊಂಡರು.

ನಾನು ಬಾಗಿ ಒಂದು ಕೀಲಿಯನ್ನು ಒತ್ತಿ ಹಾಗೇ ಹಿಡಿದೆ. ಒಂದು ಕ್ಷಣ ಕಳೆದು ಅಕ್ಷರ ಬಿತ್ತು. ಕೀಲಿಗಳು ಸತ್ತಿರಲಿಲ್ಲ! ತುಸು ಹೊತ್ತು ಒತ್ತಿ ಹಿಡಿದರೆ ಮಾತ್ರ ಒಪ್ಪಿಕೊಳ್ಳುತ್ತಿದ್ದವು. ಕೈ ಎಷ್ಟು ಚುರುಕೋ ಕೀಬೋರ್ಡ್ ಅಷ್ಟು ಸತ್ತಂತೆ. ಮಷೀನು ಬಂದ್ ಮಾಡಿ ಚಾಲೂ ಮಾಡಿ ಶಿಫ್ಟ್ ಒತ್ತಿ ಎಣಿಸಿದೆ. ಎಂಟು ಎನ್ನುವಷ್ಟರಲ್ಲಿ ಟುಂಯ್. ಹೆಡ್‌ಮಾಸ್ತರರ ಮಷೀನಿಗೆ ಓಡಿಹೋಗಿ ಅಲ್ಲೂ ಒತ್ತಿ ಎಣಿಸಿದೆ, ಅಲ್ಲೂ ಟುಂಯ್. ಈ ಸಲ ಚೌಕವನ್ನು ಓದಿದೆ: ಕೀಲಿಗಳನ್ನು ನಿಧಾನ ಮಾಡುತ್ತೇವೆ ಎಂದಷ್ಟೇ ಇತ್ತು, ಯಾವ ಕೀಲಿ ಒತ್ತಿದರೂ ಒಪ್ಪಿದಂತೆ.

ಶಿಫ್ಟನ್ನು ಯಾಕೆ ಮೊದಲೇ ಒತ್ತಿ ಹಿಡಿಯುತ್ತೀರಿ ಎಂದು ಕೇಳುವ ಅಗತ್ಯ ನನಗಿರಲಿಲ್ಲ. ಹಳೆಯ ಟೈಪ್ ಮಷೀನಿನಲ್ಲಿ ಶಿಫ್ಟ್ ಒತ್ತಿದರೆ ಒಳಗಿನ ಭಾರವೆಲ್ಲ ಜಾಗ ಬದಲಿಸಬೇಕು. ಅದು ನಿಲ್ಲುವ ಮೊದಲೇ ಅಕ್ಷರ ಹೊಡೆದರೆ ಅರ್ಧ ಮೇಲೆ ಅರ್ಧ ಕೆಳಗೆ ಬೀಳುತ್ತದೆ. ಅದಕ್ಕೇ ಆ ಕಾಲದವರು ಶಿಫ್ಟನ್ನು ಮೊದಲೇ ಒತ್ತಿ ಕಾಯುತ್ತಿದ್ದರು. ಅವರ ಕ್ಲಾಸಿನ ಮಷೀನುಗಳ ಸ್ಪ್ರಿಂಗನ್ನು ವರ್ಷಗಟ್ಟಲೆ ಬಿಗಿ ಮಾಡಿದವನು ನಾನೇ. ಇದನ್ನು ಊಹಿಸಬಲ್ಲ ಒಬ್ಬ ಮನುಷ್ಯ ಈ ಎರಡೂ ಊರಿನಲ್ಲಿ ಇದ್ದಿದ್ದರೆ ಅದು ನಾನು.

ಎಲ್ಲವನ್ನೂ ಅವರಿಗೆ ಬಿಡಿಸಿ ಹೇಳಿದೆ. ಆದೇಶದ ಮಾತು ಎತ್ತುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದೇ ಬೇರೆ.

"ಹಂಗಾದ್ರ ನನ್ನ ಕೈ ಖರಾಬ್ ಆಗಿಲ್ಲೇನ್ರಿ ಸರ್ರ?"

"ಕೈಗೆ ಏನಾಗ್ಯಾದ್ರಿ?"

"ಎಲ್ಲಾರ ಕೈಯಾಗ ನಡೀತದ, ನನ್ನ ಕೈಯಾಗ ಅಷ್ಟೇ ಸಾಯ್ತದ. ಬಟ್ಟಿನ್ಯಾಗ ತಾಕತ್ ಹೋಗ್ಯಾದ ಅಂದಕೊಂಡೆ. ಮನ್ಯಾಗ ಹೇಳದಂಗ ಸೋಲಾಪುರಕ್ಕ ಹೋಗಿ ನರದ ಡಾಕ್ಟರಿಗೆ ತೋರಸಿ ಬಂದೀನಿ. ಗುಳಿಗಿ ಕೊಟ್ಟಾರ. ಬಸ್ಸಿನ್ಯಾಗ ಬರೋಮುಂದ ತೊಡಿ ಮ್ಯಾಲ ಒಂದೊಂದೇ ಬಟ್ಟು ಬಡದು ನೋಡ್ತಿದ್ದೆ, ಯಾವುದು ಸತ್ತದ ಅಂತ."

ನನ್ನ ಕಣ್ಣು ತುಂಬಿತು, ಮುಚ್ಚಿಟ್ಟುಕೊಳ್ಳಲು ಹೋಗಲಿಲ್ಲ. ಮೂರು ತಿಂಗಳು ಒಬ್ಬ ಹೆಣ್ಣುಮಗಳು ತನ್ನ ಕೈಯನ್ನು ತಾನೇ ಅನುಮಾನಿಸುತ್ತ ಬದುಕಿದ್ದಳು, ನಾನು ಅದಕ್ಕೆ ಸಹಿ ಹಾಕಿ ಕೊಟ್ಟಿದ್ದೆ. "ತಪ್ಪಾಯ್ತ್ರಿ ಬಾಯೇರ. ಆ ಸಾಲು ಬರದವ ನಾನೇ," ಎಂದೆ.

"ಗೊತ್ತದ್ರಿ," ಎಂದರು. "ನಿಮ್ಮ ಅಕ್ಷರ ನನಗ ಗೊತ್ತಿಲ್ಲೇನು?"

ಮರುದಿನ ಕಾರ್ಯದರ್ಶಿಗಳ ಕೋಣೆಗೆ ಹೋದೆ. "ಆದೇಶ ಹೋಗ್ಯಾದ, ಈಗ ಹ್ಯಾಂಗ ವಾಪಸ್ ತಗೋಲಿ?" ಎಂದು ಮುಖ ಗಂಟಿಕ್ಕಿದರು. ನಾನು ವಾದ ಮಾಡಲಿಲ್ಲ. ಅವರ ಮೇಜಿನ ಮೇಲಿನ ಮಷೀನು ತೋರಿಸಿ, "ಈ ಕೀಲಿ ಒತ್ತಿ ಹಿಡೀರಿ ಸಾಹೇಬ್ರ, ಬಿಡಬ್ಯಾಡ್ರಿ," ಎಂದೆ. ಟುಂಯ್ ಎಂದಿತು. ಮೂಡಿದ ಚೌಕವನ್ನು ಒಂದು ಕೀಲಿ ಒತ್ತಿ ಕಳಿಸಿದೆ. "ಈಗ ನಿಮ್ಮ ಹೆಸರು ಹೊಡೀರಿ, ಜಲ್ದಿ." ಹೊಡೆದರು. ಏನೂ ಬೀಳಲಿಲ್ಲ. ಕೈ ಹಿಂದಕ್ಕೆಳೆದುಕೊಂಡು, "ಏ, ನಾ ಏನೂ ಮಾಡಿಲ್ಲೋ!" ಎಂದರು. ಹೇಳಿದ ಮೇಲೆ ತಾವೇ ತಡೆದು ನನ್ನ ಮುಖ ನೋಡಿದರು. "ಬಾಯೇರೂ ಏನೂ ಮಾಡಿಲ್ರಿ," ಎಂದೆ. ಅಂದೇ ಆದೇಶ ರದ್ದಾಯಿತು. ದೂರು ಪುಸ್ತಕದಲ್ಲಿ ನನ್ನ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: "ದೋಷ ಪರೀಕ್ಷಿಸಿದವನಲ್ಲಿತ್ತು."

ಆದರೆ ನನ್ನ ಸಿಟ್ಟು ಇಳಿದಿರಲಿಲ್ಲ. ಶಿಫ್ಟ್ ಒತ್ತಿದರೆ ಕೀಬೋರ್ಡ್ ಸಾಯುವಂತೆ ಮಾಡಿದ್ದು ಯಾವ ಜಾಣ ಎಂದು ಡೆಸ್ಕ್‌ಟಾಪಿನವರಿಗೆ ಕಟುವಾಗಿ ಬರೆದೆ. ಉತ್ತರ ಬಂತು: ಇದು ಬಗ್ ಅಲ್ಲ, ಬೇಕೆಂದೇ ಮಾಡಿದ ಸೌಲಭ್ಯ. ನನ್ನ ಸಿಟ್ಟು ನೆತ್ತಿಗೇರಿತು. ಇದರಿಂದ ಒಬ್ಬರ ಕೆಲಸ ಹೋಗುವುದರಲ್ಲಿತ್ತು, ಇದನ್ನು ಕಿತ್ತುಹಾಕಿ ಎಂದು ಎರಡು ಪುಟದ ಪತ್ರ ಕೈಯಲ್ಲಿ ಬರೆದುಕೊಂಡು ಬಸವಕಲ್ಯಾಣಕ್ಕೆ ಹೋದೆ. ಅದನ್ನು ಕಮಲಾಬಾಯಿಯವರೇ ಟೈಪ್ ಮಾಡಬೇಕು, ಅದೇ ನ್ಯಾಯ ಎಂದು ನನ್ನ ಹಟ.

ಅವರು ಒಂದು ಪುಟ ಹೊಡೆದು ನಿಂತರು. "ಸರ್ರ, ಇದನ್ನ ಯಾರ ಸಲುವಾಗಿ ಮಾಡ್ಯಾರಂತ್ರಿ?"

"ಕೈ ನಡುಗೋರ ಸಲುವಾಗಿ ಅಂತ್ರಿ. ಬಟ್ಟು ನಡುಗಿ ಬ್ಯಾಡಾದ ಕೀಲಿಗೆ ತಾಗತಾವಲ್ಲ, ಅವು ಬೀಳಬಾರದು ಅಂತ. ಗಟ್ಟಿಯಾಗಿ ಒತ್ತಿ ಹಿಡಿದಿದ್ದಷ್ಟೇ ಬೀಳ್ತದ."

"ಅಂಥವರೂ ಇದರ ಮ್ಯಾಲ ಟೈಪ್ ಮಾಡ್ತಾರೇನ್ರಿ?"

"ಮಾಡ್ತಾರಂತ್ರಿ."

ಅವರು ಹೊಡೆದದ್ದಷ್ಟನ್ನೂ ಅಳಿಸಿಹಾಕಿದರು.

"ಕಿತ್ತುಹಾಕ್ರಿ ಅಂತ ಬರೀಬ್ಯಾಡ್ರಿ. ಚಾಲೂ ಮಾಡೋಮುಂದ ಕೇಳ್ರಿ, ಒಪ್ಪಿದರಷ್ಟೇ ಮಾಡ್ರಿ ಅಂತ ಬರೀರಿ. ನನಗೇನು, ನಾ ಬಟ್ಟು ಎತ್ತಿ ಇಟಕೋತೀನಿ. ಮೂರ್ ತಿಂಗಳು ನಾನೂ ಅವರೊಳಗ ಒಬ್ಬಾಕಿ ಆಗಿದ್ನಲ್ರಿ ಸರ್ರ."